ಕಣ್ಣೆತ್ತಿ ನೋಡಲಿಲ್ಲ

ನಮ್ಮ ಕಡೆ ಹೊಟ್ಟೆನೋವು ಅಂದರೆ ಬರೀ ಹೊಟ್ಟೆನೋವಲ್ಲ. ಮದುವೆಯೂಟ ಜಾಸ್ತಿಯಾಗಿ ಮಗ್ಗುಲು ಬದಲಿಸುವವನಿಗೂ ಹೊಟ್ಟೆನೋವೇ, ಬೆಳೆಗೆ ಹೊಡೆಯುವ ಔಷಧಿ ಕುಡಿದು ಸತ್ತವಳಿಗೂ ಹೊಟ್ಟೆನೋವೇ. ಪೊಲೀಸಿನವರು ಬರೆದುಕೊಳ್ಳುವುದೂ ಹಾಗೆಯೇ, 'ಹೊಟ್ಟೆನೋವು ತಾಳಲಾರದೆ' ಎಂದು. ಪೇಪರಿನವರು ಹಾಕುವುದೂ ಹಾಗೆಯೇ. ಓದಿದವರು 'ಓ, ಅದಾ' ಎಂದುಕೊಂಡು ಮುಂದಿನ ಸುದ್ದಿಗೆ ಹೋಗುತ್ತಾರೆ. ಹೀಗಾಗಿ ಹೆಮ್ಮರಗಾಲದ ಚಿಕ್ಕಸ್ವಾಮಿಯ ಮಗಳು ಲಿಖಿತಾ ಹೊಟ್ಟೆನೋವಿನಿಂದ ಹೋಗಿಬಿಟ್ಟಳಂತೆ ಎಂದು ಸುದ್ದಿಯಾದಾಗ, ಯಾವ ಹೊಟ್ಟೆನೋವು ಎಂದು ಊರಲ್ಲಿ ಒಬ್ಬರೂ ಕೇಳಲಿಲ್ಲ.

ಕೇಳದೆ ಇದ್ದದ್ದೇ ಪುಣ್ಯ ಎಂದು ಚಿಕ್ಕಸ್ವಾಮಿ ಅಂದುಕೊಂಡಿದ್ದ. ಮಗಳನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದವನು ಪಂಚಾಯ್ತಿ ಆಫೀಸಿನ ಕಡೆ ತಲೆಹಾಕಿಯೂ ಮಲಗಲಿಲ್ಲ. ಸಾವು ಬರೆಸಲು ಹೋದರೆ ಕಾರಣ ಕೇಳುತ್ತಾರೆ. ಹೊಟ್ಟೆನೋವು ಅನ್ನಬೇಕು. ಅಲ್ಲಿ ಕೂತಿರುವವನೂ ಈ ಸೀಮೆಯವನೇ ತಾನೆ, ಕನ್ನಡಕದ ಮೇಲಿಂದ ಒಂದು ನೋಟ ನೋಡುತ್ತಾನೆ. ಆ ಒಂದು ನೋಟ ಬೇಡವಾಗಿತ್ತು ಇವನಿಗೆ. ಅದಕ್ಕೇ ಸರ್ಕಾರದ ಲೆಕ್ಕದಲ್ಲಿ ಲಿಖಿತಾ ಇನ್ನೂ ಬದುಕಿದ್ದಳು. ರೇಷನ್ ಕಾರ್ಡಿನಲ್ಲಿ ಅವಳ ಹೆಸರಿತ್ತು, ತಿಂಗಳು ತಿಂಗಳು ಅವಳ ಪಾಲಿನ ಅಕ್ಕಿ ಬರುತ್ತಿತ್ತು. ಹೆಂಡತಿ ಸಾಕಮ್ಮ ಅಷ್ಟನ್ನು ಅಳೆದು ಬೇರೆ ಡಬ್ಬಕ್ಕೆ ಸುರಿದು, ಗಂಜಿ ಮಾಡಿ ಹಸುವಿಗೆ ಕುಡಿಸುತ್ತಿದ್ದಳು. ಯಾಕೆ ಎಂದು ಗಂಡ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಚಿಕ್ಕಸ್ವಾಮಿ ಕೆಟ್ಟ ಮನುಷ್ಯನಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅವನನ್ನು ಬೈಯುವಾಗ ನೆನಪಿರಲಿ. ಡೈರಿಗೆ ಹಾಕುವ ಹಾಲಿಗೆ ಒಂದು ತೊಟ್ಟು ನೀರು ಬೆರೆಸಿದವನಲ್ಲ. ಆದರೆ ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ನಾಲಿಗೆಗೆ ಮೂಗುದಾರವೇ ಇಲ್ಲ. ಹಸು ಒದ್ದರೆ 'ಸಾಯಿ' ಅನ್ನುತ್ತಿದ್ದ, ಕರೆಂಟು ಹೋದರೆ 'ಸಾಯಿ' ಅನ್ನುತ್ತಿದ್ದ, ಹೆಂಡತಿ ಉಪ್ಪು ಮರೆತರೂ ಅದೇ ಮಾತು. ಆ ಮನೆಯಲ್ಲಿ ಅದು ಬೈಗುಳವೇ ಅಲ್ಲ, ಕೆಮ್ಮಿದ ಹಾಗೆ. ಮೂರು ವರ್ಷದ ಹಿಂದೆ ಒಂದು ಸಂಜೆ ಮಗಳಿಗೂ ಅದನ್ನೇ ಅಂದ. ಬೆಳಗಾಗುವಷ್ಟರಲ್ಲಿ ಅವಳು ಸತ್ತಿದ್ದಳು.

ಆದದ್ದು ಇಷ್ಟೇ. ಲಿಖಿತಾ ನಂಜನಗೂಡಿನಲ್ಲಿ ಡಿಗ್ರಿ ಓದುತ್ತಿದ್ದಳು. ಆ ಭಾನುವಾರ ಬನ್ನೂರಿನವರು ಹೆಣ್ಣು ನೋಡಲು ಬರುವವರಿದ್ದರು. ಇವಳು ಗೆಳತಿಯರ ಜೊತೆ ಮೈಸೂರಿಗೆ ಹೋದವಳು, ಸೊಂಟದ ಕೆಳಗೆ ಇಳಿಯುತ್ತಿದ್ದ ಜಡೆಯನ್ನು ಭುಜದ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಳು! ಸಾಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಚಿಕ್ಕಸ್ವಾಮಿ ಮಾತ್ರ ಬೀದಿಗೆಲ್ಲ ಕೇಳುವಂತೆ ಹಾರಾಡಿದ. “ಕೂದ್ಲು ಬೆಳೀತದೆ ಕಣಪ್ಪ, ತಲೆ ಏನ್ ಕತ್ತರಿಸ್ಕೊಂಡ್ ಬಂದಿಲ್ವಲ್ಲ” ಅಂದಳು ಹುಡುಗಿ. ಎದುರು ಮಾತು ಬೇರೆ! “ನನ್ ಕಣ್ಮುಂದೆ ನಿಂತ್ಕಬ್ಯಾಡ, ಎಲ್ಲಾರಾ ಬಿದ್ದು ಸಾಯಿ” ಅಂದ. ಅವಳು ಚಾಪೆ ಸುತ್ತಿಕೊಂಡು, ಕೊಟ್ಟಿಗೆಗೆ ಅಂಟಿದ ಹಿಂಡಿ ಮೂಟೆಯ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡು ಮಲಗಿದಳು. ಬೆಳೆಗೆ ಹೊಡೆಯುವ ಔಷಧಿಯ ಬಾಟಲಿಗಳೂ ಆ ಕೋಣೆಯ ಗೂಡಿನಲ್ಲೇ ಇದ್ದವು. ಇನ್ನೇನು ಬೇಕು, ನೀವೇ ಹೇಳಿ.

ಆವತ್ತಿನಿಂದ ಮಗ ರವಿಚಂದ್ರ ಅಪ್ಪನ ಜೊತೆ ಮಾತು ಬಿಟ್ಟ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಅವನಿಗೆ. ತಂಗಿ ಸತ್ತ ರಾತ್ರಿ ಡ್ಯೂಟಿಯಲ್ಲಿದ್ದ. ಮಣ್ಣಿಗೆ ಬಂದು, ಮೂರು ಹಿಡಿ ಮಣ್ಣು ಹಾಕಿ ಹೋದವನು ಮತ್ತೆ ಆ ಮನೆಯ ಹೊಸಿಲು ತುಳಿಯಲಿಲ್ಲ. ಅಲ್ಲೇ ಒಂದು ರೂಮು ಮಾಡಿಕೊಂಡ. ತಾಯಿಗೆ ದಿನಾ ಫೋನು ಮಾಡುತ್ತಿದ್ದ, ಅಪ್ಪ ಎತ್ತಿದರೆ ಇಟ್ಟುಬಿಡುತ್ತಿದ್ದ. ಚಿಕ್ಕಸ್ವಾಮಿಗೆ ಅರ್ಥವಾಗುತ್ತಿತ್ತು. ನಾನು ಸಾಯಿ ಅಂದೆ, ಅವಳು ಔಷಧಿ ಕುಡಿದು ಸತ್ತಳು, ಅದಕ್ಕೇ ಮಗ ನನ್ನ ಮುಖ ನೋಡುವುದಿಲ್ಲ. ಈ ಲೆಕ್ಕದಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಒಬ್ಬನೇ ಹಾಲು ಕರೆಯುವಾಗ, ಹಸುವಿನ ಹೊಟ್ಟೆಗೆ ಹಣೆ ಒತ್ತಿ, ಆ ಒಂದು ಮಾತನ್ನು ಬಾಯೊಳಗೇ ಹಿಂದಕ್ಕೆ ಎಳೆದುಕೊಳ್ಳಲು ನೋಡುತ್ತಿದ್ದ. ಆಡಿದ ಮಾತು ಹಿಂದಕ್ಕೆಲ್ಲಿ ಬರುತ್ತದೆ?

ಹೀಗಿರುವಾಗ ಊರಿಗೆ ಸಾವಿನ ಸರ್ವೆ ಬಂತು. ಆಶಾ ಕಾರ್ಯಕರ್ತೆ ಪುಟ್ಟಬಸಮ್ಮ ಹಿಂದಿನ ದಿನವೇ ಬಂದು ಹೇಳಿಹೋಗಿದ್ದಳು: “ಮೂರ್ನಾಕ್ ವರ್ಷದೊಳಗೆ ಸಾವಾಗಿರೋ ಮನೆಗೆಲ್ಲ ಬತ್ತಾರೆ ಕಣಣ್ಣ. ಪಂಚಾಯ್ತಿ ಪುಸ್ತಕದಲ್ಲಿ ಇಲ್ದೆ ಇರೋವ್ನೇ ಮೊದ್ಲು ಕೇಳ್ತಾರಂತೆ. ನಿಮ್ ಮಗೂದೂ ಎಸ್ರು ಕೊಟ್ಟಿವ್ನಿ, ಬೈಕಬ್ಯಾಡಿ.”

ಬೈದ, ಅದು ಬೇರೆ ಮಾತು. ಪುಟ್ಟಬಸಮ್ಮ ಹೋದಮೇಲೆ ಸಾಕಮ್ಮನನ್ನು ಕೂರಿಸಿಕೊಂಡು ಪಾಠ ಹೇಳಿಕೊಟ್ಟ. “ಒಟ್ಟೆನೋವು ಅನ್ನು, ಅಷ್ಟೇ. ಇನ್ನೊಂದು ಮಾತು ಬಾಯಿಂದ ಬರಕೂಡ್ದು. ಔಷ್ದಿ ಗಿಷ್ದಿ ಅಂತ ಬರ್ಕೊಂಡ್ರೆ ನಾಳೆ ಪೊಲೀಸ್ನೋರು ಬತ್ತಾರೆ. ರವಿಗೆ ತಗಡೂರಿನ ಎಣ್ಣು ಬೇರೆ ಮಾತಾಗ್ತಾ ಅದೆ. ಇಂತಾ ಮನೆ ಅಂತ ಗೊತ್ತಾದ್ರೆ ಯಾರ್ ಕೊಡ್ತಾರೆ?”

ಸಾಕಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವಳು ತಲೆಯೆತ್ತಿ ಗಂಡನನ್ನೇ ಒಂದು ಗಳಿಗೆ ನೋಡಿದಳು. ಏನೋ ಹೇಳುವವಳಂತೆ ಕಂಡವಳು ಮತ್ತೆ ಕಲ್ಲಿಗೆ ಕೈಹಾಕಿದಳು.

ಸರ್ವೆಯವಳು ಸ್ಕೂಟರಿನಲ್ಲಿ ಬಂದಳು. ರಂಜಿನಿ ಎಂದು ಹೆಸರು, ನರಸೀಪುರದವಳು, ಮೂವತ್ತರ ಆಸುಪಾಸು. ಜಗಲಿಯ ಮೇಲೆ ಕುರ್ಚಿ ಹಾಕಿಸಿ, “ಯಾರ ಪೈಕಿಯವ್ವಾ?” ಎಂದು ಚಿಕ್ಕಸ್ವಾಮಿ ಕೇಳಿದ್ದಕ್ಕೆ, “ನಾನು ಸರ್ವೆ ಪೈಕಿ ಅಪ್ಪಾಜಿ” ಎಂದು ನಕ್ಕು ಬ್ಯಾಗಿನಿಂದ ಟ್ಯಾಬ್ ತೆಗೆದಳು. ಅವನು ಪೆಚ್ಚಾದ. ಸಾಕಮ್ಮ ಬಾಗಿಲ ಒಳಗಿಂದಲೇ ನಕ್ಕದ್ದು ಕೇಳಿಸಿತು. ಅವಳು ನಕ್ಕು ಎಷ್ಟು ದಿನವಾಗಿತ್ತೋ.

ರಂಜಿನಿ ಮೊದಲೇ ಹೇಳಿದಳು: “ಇದು ಪೊಲೀಸ್ ಕೇಸಲ್ಲ, ಕೋರ್ಟಲ್ಲ. ನೀವು ಹೇಳಿದ್ದು ಊರಲ್ಲಿ ಯಾರಿಗೂ ಗೊತ್ತಾಗಲ್ಲ. ನಮ್ಮ ತಾಲೂಕುಗಳಲ್ಲಿ ಎಷ್ಟೋ ಸಾವು ಬರೆಸೋದೇ ಇಲ್ಲ. ಬರೆಸಿದ್ರೂ ಜ್ವರ, ವಯಸ್ಸಾಗಿತ್ತು, ಹೊಟ್ಟೆನೋವು, ಹೀಗೇ ಇರುತ್ತೆ. ಜನ ಯಾತಕ್ಕೆ ಸಾಯ್ತಿದಾರೆ ಅಂತ ಗೊತ್ತಾಗ್ದೆ ಇದ್ರೆ ಆಸ್ಪತ್ರೇಲಿ ಯಾವ ಔಷಧಿ ಇಡ್ಬೇಕು ಅಂತ ಹೆಂಗೆ ಗೊತ್ತಾಗುತ್ತೆ? ನಾನು ಬರೀ ಕೇಳೋಳು. ಉತ್ತರ ನೋಡಿ ಡಾಕ್ಟರುಗಳು ಕಾರಣ ತೀರ್ಮಾನ ಮಾಡ್ತಾರೆ.”

“ತೀರ್ಮಾನ ಮಾಡಕೇನವ್ವ ಇರೋದು? ಒಟ್ಟೆನೋವು ಬಂತು, ಓದ್ಲು.”

ರಂಜಿನಿ ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಪಾಪ, ಎಷ್ಟು ಮನೆಗಳಲ್ಲಿ ಕೇಳಿದ್ದಳೋ ಆ ಒಂದು ಮಾತನ್ನು. “ಸರಿ ಅಪ್ಪಾಜಿ. ಈಗ ಒಂದೊಂದೇ ಕೇಳ್ತೀನಿ, ಹೌದು, ಇಲ್ಲ ಅನ್ನಿ ಸಾಕು. ಸಂಬಂಧ ಇಲ್ಲದ್ದು ಅನ್ನಿಸಿದ್ರೂ ಎಲ್ಲಾ ಕೇಳ್ಬೇಕು” ಅಂದಳು.

ಜ್ವರ ಇತ್ತಾ? ಇಲ್ಲ. ಭೇದಿ? ಇಲ್ಲ. ಕಾಮಾಲೆ, ಫಿಟ್ಸು? ಇಲ್ಲ, ಇಲ್ಲ. ವಾಂತಿ? “ಊ, ಮಾಡಿದ್ಲು.” ಚಿಕ್ಕಸ್ವಾಮಿಗೆ ಧೈರ್ಯ ಬಂತು. ಇಷ್ಟೇ ತಾನೆ! ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದ ಹುಡುಗನ ಹಾಗೆ ಕಾಲಮೇಲೆ ಕಾಲು ಹಾಕಿಕೊಂಡ. ಅಷ್ಟರಲ್ಲಿ ಅದು ಬಂತು: “ತಪ್ಪು ತಿಳ್ಕೋಬೇಡಿ, ವಿಷ ಏನಾದ್ರೂ ತಗೊಂಡಿದ್ದರಾ?”

“ಇಲ್ಲ!”

ಕೊಟ್ಟಿಗೆಯ ಹಸು ಕಿವಿ ನಿಮಿರಿಸುವಷ್ಟು ಜೋರಾಗಿ ಹೇಳಿದ. ರಂಜಿನಿ ಬೆರಳು ಒತ್ತಿ ಮುಂದಕ್ಕೆ ಹೋದಳು. ಸದ್ಯ ದಾಟಿತಲ್ಲ ಎಂದು ಅವನು ಹೆಗಲ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಆದರೆ ಆಮೇಲಿನ ಪ್ರಶ್ನೆಗಳು ಅವನು ಕಾದಿದ್ದ ದಾರಿಯಲ್ಲಿ ಬರಲಿಲ್ಲ.

“ಮಾತು ತೊದಲ್ತಿತ್ತಾ?”

ತೊದಲುತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ಹಿಂಡಿ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದವಳು, “ಅಪ್ಪ, ಹೊಟ್ಟೆ ನೋವು ಕಣಪ್ಪ” ಅಂದಿದ್ದಳು. ಆ ಮಾತು ಕಿವಿಗೆ ಬಿದ್ದ ತಕ್ಷಣ ಅವನ ಎದೆ ಧಸಕ್ಕೆಂದಿತ್ತು. ಹೊಟ್ಟೆನೋವು! ಅವನಿಗೂ ಊರಿನ ಎಲ್ಲರ ಹಾಗೆ ಆ ಮಾತಿಗೆ ಒಂದೇ ಅರ್ಥ ಗೊತ್ತಿದ್ದದ್ದು. ಬಾಯಿ ಮೂಸಿದ. ಔಷಧಿ ಕೋಣೆಯಲ್ಲಿ ಮಲಗಿ ಎದ್ದವಳ ಮೈಯೆಲ್ಲ ಅದೇ ವಾಸನೆ. “ಏನ್ ಕುಡ್ದೆ? ಯೋಳು, ಏನ್ ಕುಡ್ದೆ?” ಎಂದು ತೋಳು ಹಿಡಿದು ಅಲುಗಾಡಿಸಿದ. “ಏನೂ ಕುಡ್ದಿಲ್ಲ ಕಣಪ್ಪ” ಅಂದಳು. ಮತ್ತೆ ಕೇಳಿದಾಗ ಆ ಮಾತೇ ಬಾಯಲ್ಲಿ ಮುದ್ದೆಯಾಯಿತು. ನಾಲಿಗೆ ಹೊರಳದಷ್ಟು ಕುಡಿದಿದ್ದಾಳೆ ಎಂದುಕೊಂಡ.

“ಊ” ಅಂದ ಚಿಕ್ಕಸ್ವಾಮಿ. “ತೊದಲ್ತಿದ್ಲು.”

“ನುಂಗೋಕೆ ಕಷ್ಟ ಆಗ್ತಿತ್ತಾ?”

ಇವನು ಬಾಯಿ ತೆರೆಯುವ ಮೊದಲೇ ಬಾಗಿಲ ಒಳಗಿಂದ ಸಾಕಮ್ಮನ ದನಿ ಬಂತು. “ಇಳೀನೇ ಇಲ್ಲ ಕಣವ್ವ. ಎಲ್ಲಾ ಕಟಬಾಯಿಂದ ಒರಗೇ ಬಂತು.”

“ಏನು ಕೊಟ್ಟಿರಿ ಕುಡಿಯೋಕೆ?”

“ಸೋಪಿನ್ ನೀರು.”

ರಂಜಿನಿಯ ಬೆರಳು ನಿಂತಿತು. ಸೋಪಿನ ನೀರನ್ನು ಯಾರಿಗೆ, ಯಾತಕ್ಕೆ ಕುಡಿಸುತ್ತಾರೆ ಎಂದು ಈ ಸೀಮೆಯಲ್ಲಿ ಮಗುವಿಗೂ ಗೊತ್ತು. ವಿಷ ಕಕ್ಕಿಸಲು. ಚಿಕ್ಕಸ್ವಾಮಿ ಹೆಂಡತಿಯ ಕಡೆ ಕೆಂಗಣ್ಣು ಬಿಟ್ಟ. ಅವಳು ಈಗ ಬಾಗಿಲಿನಿಂದ ಹೊರಗೇ ಬಂದು ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಸೋಪಿನ ನೀರು ಅಂದಳೇ ಹೊರತು ಯಾರು ಕುಡಿಸಿದ್ದು ಅನ್ನಲಿಲ್ಲ. ಕುಡಿಸಿದವನು ಇವನೇ. ಬೇಕಂತಲೇ ನುಂಗುತ್ತಿಲ್ಲ, ಹಟ ಮಾಡುತ್ತಿದ್ದಾಳೆ, ಸಾಯಲೇಬೇಕು ಅಂತ ನಿರ್ಧಾರ ಮಾಡಿದ್ದಾಳೆ ಎಂದುಕೊಂಡು, ಹೊಸದಾಗಿ ಕತ್ತರಿಸಿದ್ದ ಆ ಗಿಡ್ಡ ಕೂದಲನ್ನು ಮುಷ್ಟಿಯಲ್ಲಿ ಹಿಡಿದು, ತಲೆ ಹಿಂದಕ್ಕೆ ಬಾಗಿಸಿ, ಮೂಗು ಒತ್ತಿ ಚೊಂಬಿನಿಂದ ಸುರಿದಿದ್ದ.

ಮುಂದಿನ ಪ್ರಶ್ನೆಯನ್ನು ರಂಜಿನಿ ಮೆತ್ತಗೆ ಕೇಳಿದಳು. “ಕಣ್ಣಿನ ರೆಪ್ಪೆ ಜೋತುಬಿದ್ದಿತ್ತಾ? ಕಣ್ಣೆತ್ತಿ ನೋಡೋಕೆ ಆಗ್ತಿರಲಿಲ್ವಾ?”



ಕಣ್ಣೆತ್ತಿ ನೋಡು. ಇದನ್ನೇ ಅಲ್ಲವೇ ಅವನು ಅಂದದ್ದು! “ಕಣ್ಣೆತ್ತಿ ನೋಡು ನನ್ನ! ಮುಖ ನೋಡಿ ಯೋಳು, ಕುಡ್ದಿಲ್ಲ ಅಂತ!” ಎಂದು ಕಿರುಚಿದ್ದ. ಅವಳು ನೋಡಲಿಲ್ಲ. ಮುಖ ಇವನ ಕಡೆಗೇ ಇತ್ತು, ರೆಪ್ಪೆ ಮಾತ್ರ ಅರ್ಧಕ್ಕೇ ಇಳಿದು ಕೂತಿತ್ತು. ತಪ್ಪು ಮಾಡಿದವರು ಕಣ್ಣೆತ್ತಿ ನೋಡುವುದಿಲ್ಲ, ಸುಳ್ಳು ಹೇಳುವವರು ಕಣ್ಣೆತ್ತಿ ನೋಡುವುದಿಲ್ಲ. ಅಲ್ಲಿಗೆ ಅವನಿಗೆ ಖಾತ್ರಿಯಾಗಿ ಹೋಗಿತ್ತು. ಮೂರು ವರ್ಷದಿಂದ ನಿದ್ದೆಯಲ್ಲಿ ಬರುತ್ತಿದ್ದದ್ದೂ ಆ ಇಳಿದ ರೆಪ್ಪೆಯೇ. ಸಾಯುವಾಗಲೂ ಮಗಳು ತನ್ನ ಮುಖ ನೋಡಲಿಲ್ಲವಲ್ಲ ಎಂದು ದಿಂಬು ಕಚ್ಚಿ ಅಳುತ್ತಿದ್ದ.

“ಆಗ್ತಿರಲಿಲ್ವಾ ಅಂದ್ರೆ?” ಅಂದ. ದನಿ ಅವನದೇ ಅನ್ನಿಸಲಿಲ್ಲ. “ನೋಡ್ನಿಲ್ಲ ಕಣವ್ವ ಅವಳು. ನೋಡಕಾಗ್ದೆ ಇರೋದು ಅಂತ ಒಂದು ಕಾಯ್ಲೆ ಅದಾ?”

“ಪ್ರಶ್ನೆ ಅಷ್ಟೇ ಅಪ್ಪಾಜಿ. ರೆಪ್ಪೆ ಎತ್ತೋಕೆ ಶಕ್ತಿ ಇರಲಿಲ್ವಾ ಅಂತ.”

“ಬೆಳ್ಳಲ್ಲಿ ಎತ್ತಿ ನೋಡಿದ್ನಲ್ಲ ನಾನು” ಅಂದಳು ಸಾಕಮ್ಮ. “ಕೈ ಬುಟ್ಟೇಟ್ಗೆ ಮತ್ತೆ ಮುಚ್ಕೊಳ್ತಿತ್ತು.”

“ಅವತ್ತು ಎಲ್ಲಿ ಮಲಗಿದ್ದರಮ್ಮ? ಮಂಚದ ಮೇಲಾ, ನೆಲದ ಮೇಲಾ?”

“ನೆಲದ್ ಮೇಲೆ. ಇಂಡಿ ಮೂಟೆ ಕೋಣೇಲಿ.”

“ಯಾವಾಗಲೂ ಅಲ್ಲೇ ಮಲಗೋದಾ?”

ಸಾಕಮ್ಮ ಗಂಡನ ಕಡೆ ತಿರುಗಿದಳು. ಉತ್ತರ ಕೊಡಬೇಕಾದವನು ಎದುರಿಗೇ ಕೂತಿದ್ದ. ನನ್ನ ಕಣ್ಮುಂದೆ ನಿಂತ್ಕಬೇಡ ಅಂದವನು. ರಂಜಿನಿ ಇಬ್ಬರ ಮುಖವನ್ನೂ ನೋಡಿ ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು, ಮುಂದಿನದನ್ನು ಓದಿದಳು. “ಹಾವು, ಚೇಳು ಏನಾದ್ರೂ ಕಚ್ಚಿತ್ತಾ?”

“ಆವು ಕಚ್ಚಿದ್ರೆ ಗೊತ್ತಾಗ್ದೇ ಇರ್ತದಾ? ಗಾಯ ಇಲ್ಲ, ಊತ ಇಲ್ಲ, ರಕ್ತ ಇಲ್ಲ.”

“ಆಮೇಲೆ ಯಾವತ್ತಾದ್ರೂ ಮನೇಲಿ ಹಾವು ಕಂಡಿತ್ತಾ?” ಇದು ಟ್ಯಾಬ್‌ನಲ್ಲಿ ಇರಲಿಲ್ಲ. ಅವಳು ಕತ್ತೆತ್ತಿ, ಅವನನ್ನೇ ನೋಡಿ ಕೇಳಿದ್ದಳು.

ಇಲ್ಲ ಎನ್ನಲು ಬಾಯಿ ತೆರೆದವನು ಹಾಗೇ ಉಳಿದ. ಮಣ್ಣು ಮಾಡಿದ ವಾರವೇ ಇರಬೇಕು, ಹಿಂಡಿ ಮೂಟೆ ಎಳೆದಾಗ ಅಡಿಯಿಂದ ಒಂದು ಹರಿದು ಬಂದಿತ್ತು. ಕರಿ ಮೈ, ಅದರ ಮೇಲೆ ತೆಳ್ಳಗೆ ಬಿಳಿ ಕಟ್ಟು ಕಟ್ಟು. ಕಟ್ಟುಹಾವು. ದೊಣ್ಣೆಯಿಂದ ಒಂದೇ ಏಟಿಗೆ ಹೊಡೆದು ಬೇಲಿಯಾಚೆ ಎಸೆದಿದ್ದ. ಆಗ ಅವನಿಗಿದ್ದ ಸಂಕಟದಲ್ಲಿ ಅದೂ ಒಂದು ಸಂಗತಿಯೇ? ಕೈ ತೊಳೆದುಕೊಂಡು ಮರೆತುಬಿಟ್ಟಿದ್ದ.

“ಒಂದು ಕಟ್ಟಾವು ಒಡೆದಿದ್ದೆ ಕಣವ್ವ” ಅಂದ. “ಅದೇ ಕೋಣೇಲಿ.”

ರಂಜಿನಿ ಟ್ಯಾಬ್ ತೊಡೆಯ ಮೇಲೆ ಮಗುಚಿ ಇಟ್ಟಳು. “ಕಾರಣ ನಾನು ಹೇಳೋ ಹಾಗಿಲ್ಲ ಅಪ್ಪಾಜಿ, ನಾನು ಡಾಕ್ಟರಲ್ಲ” ಅಂದಳು. ಆಮೇಲೆ ಮನಸ್ಸು ತಡೆಯಲಿಲ್ಲವೇನೋ, “ನಮ್ಮ ನರಸೀಪುರದ ಕಡೆ ಒಂದು ಮನೇಲಿ ಹಿಂಗೇ ಆಗಿತ್ತು. ಕಟ್ಟುಹಾವು ಕಚ್ಚಿದ್ರೆ ಎಷ್ಟೋ ಸಲ ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗಲ್ವಂತೆ. ಗಾಯ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳ್ತಾರೆ. ಆಮೇಲೆ ರೆಪ್ಪೆ ಬೀಳುತ್ತೆ, ಗಂಟಲು ಕಟ್ಟುತ್ತೆ, ಉಸಿರು ನಿಲ್ಲುತ್ತೆ” ಅಂದಳು.

ಹೇಳಲು ನನಗೇ ನಾಚಿಕೆ, ಚಿಕ್ಕಸ್ವಾಮಿಗೆ ಆಗ ಮೊದಲು ಆದದ್ದು ಸಂತೋಷ. ಎದೆಯ ಮೇಲಿಂದ ಬೀಸುವ ಕಲ್ಲು ಎತ್ತಿ ಇಟ್ಟ ಹಾಗಾಯಿತು. ನಾನಲ್ಲ! ನನ್ನ ಮಾತಲ್ಲ! ಮಗಳು ನನ್ನ ಮೇಲಿನ ಸಿಟ್ಟಿಗೆ ಸಾಯಲಿಲ್ಲ, ಹಾವು ಕಚ್ಚಿ ಸತ್ತಳು, ಹಣೆಬರಹ. ಊರಿಗೆ ಹೇಳಬಹುದು. ಪಂಚಾಯ್ತಿಯಲ್ಲಿ ಎದೆಯೆತ್ತಿ ಬರೆಸಬಹುದು. ರವಿಗೆ ಹೇಳಬಹುದು. ರವಿ ಮನೆಗೆ ಬರುತ್ತಾನೆ.

“ಕೊನೇ ಪ್ರಶ್ನೆ ಕೆಲವು ಇವೆ” ಎಂದು ರಂಜಿನಿ ಟ್ಯಾಬ್ ಎತ್ತಿಕೊಂಡಳು. “ಆಸ್ಪತ್ರೆಗೆ ಯಾಕೆ ಕರ್ಕೊಂಡು ಹೋಗಲಿಲ್ಲ?”

ಪಕ್ಕದ ಮನೆ ಮಹಾದೇವಸ್ವಾಮಿಯ ಆಟೋ ಆ ಬೆಳಗಿನ ಜಾವ ಇವನ ಜಗಲಿಗೆ ಒತ್ತಿಕೊಂಡೇ ನಿಂತಿತ್ತು. ಸಾಕಮ್ಮ ಅವನನ್ನು ಎಬ್ಬಿಸಲು ಹೊರಟಾಗ ಇವನು ಬಾಗಿಲಿಗೆ ಅಡ್ಡ ನಿಂತಿದ್ದ. “ಆಸ್ಪತ್ರೆಗೆ ಓದ್ರೆ ಪೊಲೀಸ್ನೋರ್ಗೆ ತಿಳೀತದೆ, ಕುಯ್ತಾರೆ, ಮಾನ ಓಯ್ತದೆ. ವಾಂತಿ ಮಾಡಿದ್ಲಲ್ಲ, ಸರಿಯೋಯ್ತಾಳೆ ಇರು” ಅಂದಿದ್ದ. ಸರಿಹೋಗುತ್ತಾಳೆ ಎಂದು ನಿಜವಾಗಿ ನಂಬಿದ್ದ. ಪೂರ್ತಿ ಬೆಳಕು ಹರಿಯುವಷ್ಟರಲ್ಲಿ ತಾಯಿಯ ತೊಡೆಯ ಮೇಲೆ ಅವಳ ಉಸಿರು ನಿಂತಿತ್ತು.

“ಗಾಡಿ ಸಿಕ್ನಿಲ್ಲ” ಅಂದ ಚಿಕ್ಕಸ್ವಾಮಿ.

ಹಾಳು ಬುದ್ಧಿ ನೋಡಿ! ಎದೆಯ ಮೇಲಿನ ಕಲ್ಲು ಇಳಿದ ಮರುಗಳಿಗೆಯಲ್ಲೇ ಇನ್ನೊಂದು ಸುಳ್ಳು. ರಂಜಿನಿ ಹಾಗೆಯೇ ಬರೆದುಕೊಂಡಳು. ಪಕ್ಕದಲ್ಲಿ ಮಹಾದೇವ­ಸ್ವಾಮಿಯ ಆಟೋ ಈಗಲೂ ಅಲ್ಲೇ ನಿಂತಿತ್ತು, ಬಿಸಿಲಿಗೆ ಟಾರ್ಪಾಲು ಹೊದ್ದುಕೊಂಡು. ಅದರ ಕಡೆ ನೋಡದೆ ಇರಲು ಚಿಕ್ಕಸ್ವಾಮಿ ಕೊಟ್ಟಿಗೆಯ ಕಡೆ ಮುಖ ತಿರುಗಿಸಿಕೊಂಡ.

“ನಿಮ್ಮ ಪ್ರಕಾರ ಸಾವಿಗೆ ಕಾರಣ ಏನು ಅಂತ ಬರೀಲಿ? ಮೊದಲು ಹೊಟ್ಟೆನೋವು ಅಂದಿದ್ರಿ.”

“ಆವು ಅಂತ ಬರ್ಕೊಳವ್ವ. ಆವು ಅಂತಾನೇ ಬರ್ಕೊ.”

“ಇನ್ನೊಂದ್ ಮಾತು ಬರ್ಕೋ ಮಗಾ” ಅಂದಳು ಸಾಕಮ್ಮ. ಕಂಬ ಬಿಟ್ಟು ಬಂದು ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕೂತಳು. “ಏನೂ ಕುಡ್ದಿಲ್ಲ, ಏನೂ ಕುಡ್ದಿಲ್ಲ ಅಂತ ಯೋಳ್ತಾನೇ ಸತ್ಲು ಅಂತ ಬರ್ಕೋ. ಎಲ್ಲಾರಾ ಒಂದು ಕಡೆ ಅದು ಇರ್ಲಿ.”

ರಂಜಿನಿ ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದಳು. ಸಾಕಮ್ಮ ಕೊಟ್ಟ ಕಾಫಿ ಕುಡಿದು ಎದ್ದಳು. ಸ್ಕೂಟರಿನವರೆಗೂ ಚಿಕ್ಕಸ್ವಾಮಿ ಹಿಂದೆಯೇ ಹೋದ. ಕೇಳಬಾರದು ಅಂದುಕೊಂಡೇ ಕೇಳಿದ: “ಆಸ್ಪತ್ರೆಗೆ ಓಗಿದ್ರೆ ಉಳೀತಿದ್ಲೇನವ್ವಾ?”

ಅವಳು ಕೀಲಿ ತಿರುಗಿಸದೆ ಕೂತಿದ್ದಳು. “ಇಂಥದ್ದೆಲ್ಲಾ ಕೇಳಿದ್ರೆ ಗೊತ್ತಿಲ್ಲ ಅನ್ನಿ ಅಂತ ನಮಗೆ ಟ್ರೇನಿಂಗಲ್ಲಿ ಹೇಳಿಕೊಟ್ಟಿದಾರೆ ಅಪ್ಪಾಜಿ.”

“ನೀನೇನ್ ಯೋಳ್ತೀಯ?”

“ಟೈಮಿಗೆ ಹೋಗಿ ಉಳಿದೋರನ್ನ ನೋಡಿದೀನಿ” ಅಂದಳು. “ಎಲ್ಲರೂ ಉಳಿಯಲ್ಲ. ಆದರೆ ಉಳಿದೋರನ್ನ ನೋಡಿದೀನಿ.” ಅವಳ ಕಣ್ಣಲ್ಲಿ ನೀರಿತ್ತು. ನಾನು ಬಂದು ಕೇಳದೆ ಇದ್ದಿದ್ದರೆ ಇವರು ಹೇಗೋ ಇರುತ್ತಿದ್ದರಲ್ಲ ಎಂದು ಅವಳಿಗೂ ಅನ್ನಿಸಿರಬೇಕು. ಹೆಲ್ಮೆಟ್ ಹಾಕಿಕೊಂಡು ಹೊರಟುಹೋದಳು.

ಚಿಕ್ಕಸ್ವಾಮಿ ಜಗಲಿಯ ಮೇಲೆ ಕೂತು ಯೋಚನೆ ಮಾಡಿದ. ಮಗನಿಗೆ ಹೇಳಬೇಕು. ಎಷ್ಟು ಹೇಳಬೇಕು ಅನ್ನುವುದೇ ಪ್ರಶ್ನೆ. ಹಾವು ಕಚ್ಚಿತ್ತು ಅನ್ನುವುದು ಸುಳ್ಳಲ್ಲವಲ್ಲ. ಅಷ್ಟು ಹೇಳಿದರೆ ಸಾಕು. ಸೋಪಿನ ನೀರು, ಬಾಗಿಲಿಗೆ ಅಡ್ಡ ನಿಂತದ್ದು, ಕೂದಲು ಹಿಡಿದದ್ದು, ಇವೆಲ್ಲ ಅವನಿಗೆ ಯಾಕೆ? ಅವನು ಮನೆಯಲ್ಲಿರಲಿಲ್ಲ. ಗೊತ್ತಿರುವುದು ಎರಡೇ ಜನಕ್ಕೆ. ಹೀಗೆಲ್ಲ ಲೆಕ್ಕ ಹಾಕುವಾಗಲೂ ಮಗಳ ಕೂದಲಿನ ನುಣುಪು ಅಂಗೈಗೆ ತಾಗುತ್ತಿತ್ತು. ಆದರೂ ಒಳಗೆ ಹೋಗಿ ಹೆಂಡತಿಯ ಫೋನು ತಂದ. ತನ್ನ ಫೋನಿನಿಂದ ಮಾಡಿದರೆ ಮಗ ಎತ್ತುವುದಿಲ್ಲ.

“ಪೂರ್ತಿ ಯೋಳು” ಅಂದಳು ಸಾಕಮ್ಮ. ಹಸುವಿಗೆ ಗಂಜಿ ಇಟ್ಟು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು.

ಅವನು ಕೇಳಿಸಿಕೊಳ್ಳದವನ ಹಾಗೆ ನಂಬರು ಒತ್ತಿದ.

“ಅವ್ವಾ, ಯೋಳವ್ವ” ಅಂದ ರವಿಚಂದ್ರ.

“ರವಿ, ನಾನು ಕಣ್ಲಾ. ಇಡಬ್ಯಾಡ, ಒಂದ್ ಮಾತು ಕೇಳು.”

ಆ ಕಡೆಯಿಂದ ಉಸಿರು ಮಾತ್ರ ಕೇಳಿಸಿತು. ಇಡಲಿಲ್ಲ.

“ನಿನ್ ತಂಗಿ ಔಷ್ದಿ ಕುಡ್ದಿರ್ನಿಲ್ಲ ಕಣ್ಲಾ. ಕಟ್ಟಾವು ಕಚ್ಚಿತ್ತು. ಇವತ್ತು ಗೊತ್ತಾಯ್ತು, ಸರ್ವೆಯವ್ಳು ಬಂದಿದ್ಲು. ನಮ್ಗೆ ಗೊತ್ತಾಗ್ದೆ ಓಯ್ತು. ನನ್ ಮಾತಿಗೆ ಸತ್ತಿದ್ದಲ್ಲ ಅವಳು. ಕೇಳಿಸ್ತಾ? ಔಷ್ದಿ ಅಲ್ಲ.”

“ಗೊತ್ತು” ಅಂದ ರವಿಚಂದ್ರ.

“ಏನ್ ಗೊತ್ತು?”

“ಆವು ಅಂತ ಗೊತ್ತಿರ್ನಿಲ್ಲ. ಕುಡ್ದಿರ್ನಿಲ್ಲ ಅಂತ ಗೊತ್ತಿತ್ತು. ಅವಳೇ ಯೋಳಿದ್ಲಂತಲ್ಲ. ಅವ್ವ ಮಣ್ಣಿನ ದಿನಾನೇ ನಂಗೆ ಎಲ್ಲಾ ಯೋಳಿದ್ಲು. ಸೋಪಿನ್ ನೀರು, ಆಟೋ, ಎಲ್ಲಾ.”

ಚಿಕ್ಕಸ್ವಾಮಿ ಫೋನನ್ನು ಕಿವಿಗೆ ಒತ್ತಿಕೊಂಡ. “ಮತ್ತೆ ಇಷ್ಟ್ ದಿನ ನೀನು ಬರ್ದೆ ಇದ್ದದ್ದು… ನಾನು ಅವತ್ತು ಸಾಯಿ ಅಂದೆ ಅಂತ ಅಲ್ವಾ?”

“ನೀನು ನಂಗೂ ದಿನಾ ಬೆಳಗೆದ್ದು ಸಾಯಿ ಅಂತಿದ್ದೆ. ನಾನೇನ್ ಸತ್ನಾ?” ರವಿಚಂದ್ರ ಜೋರು ಮಾಡಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚಿಕ್ಕಸ್ವಾಮಿ ಹೇಗೋ ತಡೆದುಕೊಳ್ಳುತ್ತಿದ್ದ. “ಅವಳು ಕುಡ್ದಿಲ್ಲ ಅಂದ್ಲು. ಅವ್ವ ನಂಬಿದ್ಲು, ನಿನ್ ಎದ್ರಿಕೆಗೆ ಬಾಯಿ ಬಿಡ್ನಿಲ್ಲ. ನಾನು ನಂಬಿದೆ. ನೀನೊಬ್ನೇ ನಂಬ್ನಿಲ್ಲ. ಯಾವತ್ತೋ ಒಂದಿನ ನಂಬ್ತೀಯ, ಅವತ್ತು ಮನೆಗೆ ಬರಣ ಅಂತ ಕಾಯ್ತಿದ್ದೆ. ಮಗಳ ಮಾತು ನಂಬಕೆ ನಿಂಗೆ ಆವು ಬಂದು ಸಾಕ್ಷಿ ಯೋಳಬೇಕಾಯ್ತೇನಪ್ಪಾ?”

ಚಿಕ್ಕಸ್ವಾಮಿಯ ಕಣ್ಣು ಬೇಲಿಯ ಕಡೆ ಹೋಯಿತು.

“ಅವ್ವಂಗೆ ಕೊಡು” ಅಂದ ಮಗ.

ಸಾಕಮ್ಮ ಹತ್ತಿರ ಬಂದು ಎದುರಿಗೆ ನಿಂತು ಕೈಚಾಚಿದಳು. ಅವನು ಫೋನನ್ನು ಆ ಕೈಯಲ್ಲಿಟ್ಟ. ಗಂಜಿಯ ಪಾತ್ರೆ ತಿಕ್ಕಿದ ಕೈ, ಇನ್ನೂ ಒದ್ದೆಯಾಗಿತ್ತು. ಅವಳು ತನ್ನ ಮುಖವನ್ನೇ ನೋಡುತ್ತ ನಿಂತಿದ್ದಾಳೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಚಿಕ್ಕಸ್ವಾಮಿಯ ರೆಪ್ಪೆಗೆ ಏನೂ ಆಗಿರಲಿಲ್ಲ. ಆದರೂ ಅವನು ಕಣ್ಣೆತ್ತಿ ನೋಡಲಿಲ್ಲ.